ಕಾರಿನೊಳಗೆ ಗಾಳಿ ಹಾಸಿಗೆ ಹಾಕಿ ಮಲಗೋದು: ಬೆನ್ನು ಹಿಡಿಯದ ಹಾಗೆ ಹೇಗೆ?

ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ನವರಾತ್ರಿ ರಜೆಗೆ ನಾನು, ನನ್ನ ಮನೆಯವರು ಇಬ್ಬರೇ ಶೃಂಗೇರಿ, ಹೊರನಾಡು, ಕೊಲ್ಲೂರು, ಮರವಂತೆ ಅಂತ ಒಂದು ಸುತ್ತು ಹೊರಟಿದ್ದೀವಿ. ಆ ದಿನಗಳಲ್ಲಿ ಕ್ಷೇತ್ರಗಳಲ್ಲಿ ರೂಮು ಸಿಗೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಅದಕ್ಕೇ ಈ ಸಲ ಎರ್ಟಿಗಾದಲ್ಲೇ ಮಲಗೋಣ ಅಂತ ಅಂದುಕೊಂಡಿದ್ದೀವಿ. ಹಿಂದಿನ ಎರಡೂ ಸಾಲು ಮಡಚಿದರೆ ಉದ್ದಕ್ಕೆ ಜಾಗ ಸಿಗುತ್ತೆ. ಆದರೆ ನೆಲ ಸಮ ಇಲ್ಲ, ಮುಂದಿನ ಸೀಟಿನ ಹಿಂದೆ ದೊಡ್ಡ ಹಳ್ಳ.

ಮನೆಯವರಿಗೆ ಸೊಂಟದ ಡಿಸ್ಕ್ ತೊಂದರೆ ಇದೆ. ತೀರಾ ಮೆತ್ತಗಿನ ಹಾಸಿಗೆ ಬೇಡ ಅಂದಿದ್ದಾರೆ ಡಾಕ್ಟರು. ಆನ್‌ಲೈನಲ್ಲಿ ಹಿಂದಿನ ಸೀಟಿನ ಮೇಲೆ ಹಾಕೋ ಗಾಳಿ ಹಾಸಿಗೆ ಒಂದು ಥರ, ಡಿಕ್ಕಿಯಿಂದ ಉದ್ದಕ್ಕೆ ಹಾಸೋದು ಇನ್ನೊಂದು ಥರ ಸಿಗ್ತಿದೆ. ಯಾವುದು ಒಳ್ಳೇದು? ಬೆಳಗಿನ ಜಾವಕ್ಕೆ ಗಾಳಿ ಇಳಿದು ಸೊಂಟ ನೆಲಕ್ಕೆ ತಾಗುತ್ತೆ ಅಂತ ಸುಮಾರು ಜನ ಬರೆದಿದ್ದಾರೆ, ಅದಕ್ಕೆ ಪರಿಹಾರ ಇದೆಯಾ? ಕಿಟಕಿ ಮುಚ್ಚಿ ಮಲಗಬಹುದಾ? ಅನುಭವ ಇರೋರು ದಯವಿಟ್ಟು ವಿವರವಾಗಿ ಹೇಳಿ.

ಲಾರಿ ಕ್ಯಾಬಿನ್

ಅಣ್ಣಾ, ಹಾಸಿಗೆ ಆಮೇಲೆ ನೋಡೋಣ. ಮೊದಲು ಗಾಡಿ ನಿಲ್ಲಿಸೋದು ಕಲೀಬೇಕು. ಕಣ್ಣಿಗೆ ಸಮ ಕಂಡ ಜಾಗ ಸಮ ಇರಲ್ಲ. ಡ್ಯಾಶ್‌ಬೋರ್ಡ್ ಮೇಲೆ ಅರ್ಧ ತುಂಬಿದ ನೀರಿನ ಬಾಟಲಿ ಅಡ್ಡಡ್ಡ ಇಡಿ, ಗುಳ್ಳೆ ಯಾವ ಕಡೆ ಓಡುತ್ತೆ ನೋಡಿ, ಆ ಕಡೆ ಎತ್ತರ. ಉದ್ದಕ್ಕೆ ಸ್ವಲ್ಪ ಇಳಿಜಾರು ಇದ್ದರೆ ಪರವಾಗಿಲ್ಲ, ತಲೆ ಎತ್ತರದ ಕಡೆ ಇಟ್ಟು ಮಲಗಬಹುದು. ಅಡ್ಡಕ್ಕೆ ಇಳಿಜಾರು ಇದ್ದರೆ ಮಾತ್ರ ರಾತ್ರಿ ಇಡೀ ನಿದ್ದೆ ಇಲ್ಲ. ಗಾಳಿ ಹಾಸಿಗೆ ಮೇಲಂತೂ ಒಬ್ಬರ ಮೇಲೆ ಒಬ್ಬರು ಉರುಳ್ತೀರ. ತಗ್ಗಿನ ಕಡೆ ಟೈರಿನ ಮುಂದೆ ಅಗಲವಾದ ಹಲಗೆ ತುಂಡು ಇಟ್ಟು ನಿಧಾನಕ್ಕೆ ಹತ್ತಿಸಿ. ದುಂಡು ಕಲ್ಲು ಇಡಬೇಡಿ, ಜಾರುತ್ತೆ. ಆಮೇಲೆ ಗೇರಿನಲ್ಲಿ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕೊಡಿ.

ಇನ್ನೊಂದು ಮಾತು. ಡ್ರೈವರ್ ಸೀಟು ಯಾವತ್ತೂ ಖಾಲಿ ಇರಬೇಕು. ಸಾಮಾನೆಲ್ಲ ಅಲ್ಲಿ ರಾಶಿ ಹಾಕಿ ಮಲಗಿಬಿಟ್ಟರೆ ರಾತ್ರಿ ಯಾರಾದರೂ ಬಂದು ಗಾಡಿ ತೆಗೀರಿ ಅಂದಾಗ ಹೊರಡೋಕೆ ಹತ್ತು ನಿಮಿಷ ಬೇಕಾಗುತ್ತೆ. ಕೀಲಿ ಒಂದೇ ಜಾಗದಲ್ಲಿ ಇಡಿ, ಇಬ್ಬರಿಗೂ ಗೊತ್ತಿರಲಿ.

ಫಿಸಿಕ್ಸ್ ಮೇಷ್ಟ್ರು

ಗಾಳಿ ಇಳಿಯೋ ಪ್ರಶ್ನೆಗೆ ಉತ್ತರ. ಬಹುತೇಕ ಸಲ ಹಾಸಿಗೆ ತೂತಾಗಿರೋದಿಲ್ಲ. ಮೂರು ಕಾರಣ ಬೇರೆ ಬೇರೆ ಇವೆ, ಅವನ್ನ ಬಿಡಿಸಿ ನೋಡಬೇಕು.

ಒಂದನೇದು ತಣ್ಣಗಾಗೋದು. ಸಂಜೆ 28 ಡಿಗ್ರಿಯಲ್ಲಿ ತುಂಬಿದ ಗಾಳಿ ಬೆಳಗಿನ ಜಾವ 14 ಡಿಗ್ರಿಗೆ ಇಳಿದರೆ ಅದರ ಗಾತ್ರ ಸುಮಾರು ಶೇ. 5 ಕುಗ್ಗುತ್ತೆ. ಕೇಳೋಕೆ ಸಣ್ಣದು. ಆದರೆ ಹಾಸಿಗೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಿರೋದೇ ಅತ್ಯಲ್ಪ, ಹಾಗಾಗಿ ಆ ಶೇ. 5ರಲ್ಲೇ ಬಿಗಿ ಹೋಗಿಬಿಡುತ್ತೆ. ಪಂಪಿನಿಂದ ಬರೋ ಗಾಳಿ ಹೊರಗಿನ ಗಾಳಿಗಿಂತ ಬೆಚ್ಚಗೆ ಬೇರೆ ಇರುತ್ತೆ. ಪರಿಹಾರ ಸುಲಭ: ಊಟಕ್ಕೆ ಮುಂಚೆ ತುಂಬಿ ಬಿಟ್ಟುಬಿಡಿ, ಮಲಗೋ ಹೊತ್ತಿಗೆ ತಣ್ಣಗಾದ ಮೇಲೆ ಇನ್ನಷ್ಟು ತುಂಬಿ.

ಎರಡನೇದು ಹೊಸ ಪಿವಿಸಿ ಹಿಗ್ಗೋದು. ಹೊಸ ಹಾಸಿಗೆ ಮೊದಮೊದಲ ರಾತ್ರಿಗಳಲ್ಲಿ ಹಿಗ್ಗಿ ಸಡಿಲ ಆಗುತ್ತೆ. ಅದನ್ನ ಸೋರಿಕೆ ಅಂತ ತಿಳಿದು ವಾಪಸ್ ಕಳಿಸೋರು ಬಹಳ. ಹೊರಡೋಕೆ ವಾರ ಮುಂಚೆ ಮನೆಯಲ್ಲಿ ತುಂಬಿ ಎರಡು ರಾತ್ರಿ ಹಾಗೇ ಇಡಿ. ಹೊಸ ಪ್ಲಾಸ್ಟಿಕ್ಕಿನ ಘಾಟೂ ಹೋಗುತ್ತೆ. ಮುಚ್ಚಿದ ಕಾರಿನೊಳಗೆ ಆ ವಾಸನೆ ತಲೆನೋವು ತರುತ್ತೆ.

ಮೂರನೇದು ನಿಜವಾದ ಸೋರಿಕೆ. ಮೊದಲು ಬಿರಡೆಯ ಹತ್ತಿರ ಸೋಪಿನ ನೊರೆ ಹಚ್ಚಿ ನೋಡಿ, ಹೊಲಿಗೆ ಅಂಚು ಆಮೇಲೆ.

ನಿಮ್ಮ ದಾರಿಗೆ ಸಂಬಂಧಪಟ್ಟಿದ್ದು ಇನ್ನೊಂದಿದೆ. ಮರವಂತೆಯಲ್ಲಿ ಬಿಗಿಯಾಗಿ ತುಂಬಿದ ಹಾಸಿಗೆಯನ್ನ ಹಾಗೇ ಇಟ್ಟುಕೊಂಡು ಘಟ್ಟ ಹತ್ತಬೇಡಿ. ಸಮುದ್ರಮಟ್ಟದಿಂದ 1,000 ಮೀಟರ್ ಮೇಲೆ ಹೋದರೆ ಹೊರಗಿನ ಗಾಳಿಯ ಒತ್ತಡ ಸುಮಾರು ಶೇ. 11 ಕಡಿಮೆ, ಒಳಗಿನ ಗಾಳಿ ಅಷ್ಟು ಹಿಗ್ಗೋಕೆ ನೋಡುತ್ತೆ, ಹೊಲಿಗೆ ಬಿಡಬಹುದು. ಲೇಹ್‌ಗೆ ಹೋಗೋರಿಗೆ ಇದು ಇನ್ನೂ ಮುಖ್ಯ. 3,500 ಮೀಟರಿನಲ್ಲಿ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ. ಹಾಗೇ ಬಿಸಿಲಲ್ಲಿ ನಿಂತ ಕಾರಿನೊಳಗೂ ತುಂಬಿದ ಹಾಸಿಗೆ ಬಿಡಬೇಡಿ. ಬೆಳಗ್ಗೆ ಎದ್ದ ಕೂಡಲೇ ಬಿರಡೆ ತೆಗೆದುಬಿಡಿ.

ಘಟ್ಟದ ಕೆಳಗಿನವ

ಮೇಷ್ಟ್ರು ಹೇಳಿದ್ದೆಲ್ಲ ಸರಿ ಉಂಟು. ಆದರೆ ಇಷ್ಟೆಲ್ಲ ರಗಳೆ ಯಾಕೆ ಮಾರಾಯ್ರೆ? ಮೂರು ಇಂಚಿನ ಗಟ್ಟಿ ಫೋಮ್ ತಗೊಳ್ಳಿ, ಫೋಮ್ ಅಂಗಡಿಯಲ್ಲಿ ನಿಮ್ಮ ಗಾಡಿಯ ಅಳತೆಗೆ ಕತ್ತರಿಸಿ ಕೊಡ್ತಾರೆ. ಅದನ್ನು ಮೂರು ತುಂಡು ಮಾಡಿ ಬಟ್ಟೆಯ ಕವರ್ ಹಾಕಿಸಿದರೆ ಮಡಚಿ ಇಡ್ಲಿಕ್ಕೂ ಆಗ್ತದೆ. ಪಂಪ್ ಬೇಡ, ಪಂಕ್ಚರ್ ಇಲ್ಲ.

ಕರಾವಳಿಯಲ್ಲಿ ಪಿವಿಸಿ ಮೇಲೆ ಮಲಗಿದರೆ ಬೆವರು ಎಲ್ಲಿಗೂ ಹೋಗುವುದಿಲ್ಲ, ಬೆನ್ನು ಪೂರ್ತಿ ಒದ್ದೆ. ಗಾಳಿ ಹಾಸಿಗೆಯೇ ಆಗಬೇಕು ಅಂತಿದ್ದರೆ ಅದರ ಮೇಲೆ ಒಂದು ಹುಲ್ಲುಚಾಪೆ ಹಾಸಿ, ಅದರ ಮೇಲೆ ಹತ್ತಿಯ ಬೆಡ್‌ಶೀಟ್. ಚಾಪೆಯ ಸಂದಿಯಲ್ಲಿ ಗಾಳಿ ಆಡ್ತದೆ. ಚಾಪೆಯ ಅಂಚಿನ ಕಡ್ಡಿ ಚುಚ್ಚದ ಹಾಗೆ ನೋಡಿಕೊಳ್ಳಿ ಅಷ್ಟೆ.

ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ನೋಡ್ಲಿಕ್ಕೆ ಚಂದ, ಆದರೆ ಅಲ್ಲಿ ರಸ್ತೆ ಬದಿಯಲ್ಲಿ ಮಲಗಬೇಡಿ. ರಾತ್ರಿಯಿಡೀ ಲಾರಿ ಹೋಗ್ತಿರ್ತದೆ. ಮರಳಿಗೂ ಗಾಡಿ ಇಳಿಸಬೇಡಿ, ಹೂತರೆ ಎಳೆಯಲಿಕ್ಕೆ ಟ್ರ್ಯಾಕ್ಟರ್ ಬೇಕು. ಒಳಗೆ ಹೋಂಸ್ಟೇ ಉಂಟು. ರೂಮು ಖಾಲಿ ಇಲ್ಲದಿದ್ದರೂ ಅಂಗಳದಲ್ಲಿ ಗಾಡಿ ನಿಲ್ಲಿಸ್ಲಿಕ್ಕೆ, ಬಚ್ಚಲು ಬಳಸ್ಲಿಕ್ಕೆ ಸ್ವಲ್ಪ ದುಡ್ಡು ಕೊಟ್ಟರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ.

ಧಾರವಾಡದಾಕಿ

ನಮಸ್ಕಾರ್ರಿ. ನಮ್ಮವ್ವನ ಕರಕೊಂಡು ಗಾಡ್ಯಾಗ ಭಾಳ ಕಡೆ ಮಲಗೀವಿ. ಆಕಿಗೂ ಸೊಂಟದ್ದ ತ್ರಾಸ. ಹಂಗಾಗಿ ನನ್ನ ಅನುಭವ ನಿಮಗ ಉಪಯೋಗ ಆಗಬಹುದು.

ಹಿಂದಿನ ಸೀಟಿನ ಮ್ಯಾಲೆ ಹಾಕೋ ಹಾಸಿಗಿ ಬ್ಯಾಡ್ರಿ. ಅದು ಬಾಗಲದಿಂದ ಬಾಗಲಕ್ಕ ಅಡ್ಡ ಇರತದ, ಸಣ್ಣ ಹುಡುಗರಿಗೆ ಸಾಕು. ದೊಡ್ಡವರು ಮೊಣಕಾಲು ಮಡಚಿಕೊಂಡ ಮಲಗಬೇಕು, ಸೊಂಟದ ನೋವು ಇದ್ದವರಿಗೆ ಅದು ಆಗಂಗಿಲ್ಲ. ಡಿಕ್ಕಿಯಿಂದ ಉದ್ದಕ್ಕ ಹಾಸೋದ ಬೇಕು. ತಗೊಳ್ಳೋಕಿಂತ ಮುಂಚೆ ಟೇಪ್ ಹಿಡದು ಮೂರು ಅಳತಿ ತಗೋರಿ: ಉದ್ದ, ಎರಡು ಚಕ್ರದ ಉಬ್ಬಿನ ನಡುವಿನ ಅಗಲ, ನೆಲದಿಂದ ಮಾಡಿನ ತನಕ ಎತ್ತರ. ಅಗಲ ಅಳಿಯೋದು ಎಲ್ಲಾರೂ ಮರೀತಾರ. ಹಾಸಿಗಿ ಆ ಉಬ್ಬಿಗೆ ಒತ್ತಿಕೊಂಡು ನಡಕ ಗುಡ್ಡ ಏಳತದ.

ದಪ್ಪನೂ ಭಾಳ ಬ್ಯಾಡ. 20 ಸೆಂ.ಮೀ. ದಪ್ಪಂದು ಮನಿಗೆ ಚಲೋ, ಗಾಡ್ಯಾಗ ಅದರ ಮ್ಯಾಲೆ ಕುಂತರ ತಲಿ ಮಾಡಿಗೆ ಬಡೀತದ. 8ರಿಂದ 12 ಸೆಂ.ಮೀ. ಸಾಕು. ಇಬ್ಬರಿಗೂ ಕೂಡಿ ಒಂದ ದೊಡ್ಡದು ತಗೊಳ್ಳೋಕಿಂತ ಒಬ್ಬೊಬ್ಬರಿಗೆ ಒಂದೊಂದು ತಗೋರಿ. ಒಂದರಾಗ ಆದರ ಒಬ್ಬರು ಮಗ್ಗಲಾ ಹೊಳ್ಳಿದಾಗೆಲ್ಲ ಇನ್ನೊಬ್ಬರು ಎದ್ದು ಕೂಡ್ತಾರ. ಬ್ಯಾರೆ ಬ್ಯಾರೆ ಇದ್ರ ನಿಮ್ಮ ಮನಿಯವರದ್ದು ಬಿಗಿ, ನಿಮ್ಮದು ಮೆತ್ತಗ, ಹೆಂಗ ಬೇಕೋ ಹಂಗ ಮಾಡಕೋಬಹುದು.

ಬಿಗಿ ಎಷ್ಟಿರಬೇಕು ಅಂದ್ರ: ಪೂರ್ತಿ ತುಂಬ್ರಿ, ಮಗ್ಗಲಾಗಿ ಮಲಗ್ರಿ, ಸ್ವಲ್ಪ ಸ್ವಲ್ಪ ಗಾಳಿ ಬಿಡ್ರಿ. ಭುಜ, ಸೊಂಟ ಒಳಗ ಇಳೀಬೇಕು, ಆದರ ನೆಲಾ ತಾಗಬಾರದು. ಮೊಣಕೈ ಊರಿ ಎದ್ದಾಗ ಮೊಣಕೈ ನೆಲಾ ಮುಟ್ಟಿದರ ಗಾಳಿ ಕಡಿಮಿ ಆಗೇದ ಅಂತ ತಿಳೀರಿ.

ಅದರ ಮ್ಯಾಲೆ ಒಂದು ಕೌದಿ. ಇದು ಬಿಡಬ್ಯಾಡ್ರಿ. ಹಳೀ ಸೀರಿ ಪದರ ಪದರ ಹಚ್ಚಿ ಹೊಲದಿರತಾರಲ್ಲ, ಬೆವರೂ ಹೀರತದ, ತಂಪೂ ಏರಗೊಡಂಗಿಲ್ಲ, ಹಾಸಿಗಿ ಮ್ಯಾಲಿಂದ ಜಾರಂಗಿಲ್ಲ. ನಮ್ಮವ್ವ ಕೌದಿ ಇಲ್ಲದ ಗಾಡಿ ಹತ್ತಂಗಿಲ್ಲ.

ಬೆಣ್ಣೆನಗರಿ

ಅಕ್ಕಾ, ತುಂಬಾ ಥ್ಯಾಂಕ್ಸ್. ಅಗಲದ ವಿಷಯ ನನಗೆ ಹೊಳೆದೇ ಇರಲಿಲ್ಲ. ಮುಂದಿನ ಸೀಟಿನ ಹಿಂದಿನ ಹಳ್ಳಕ್ಕೆ ಏನು ಮಾಡ್ತೀರಿ?

ಧಾರವಾಡದಾಕಿ

ಮುಂದಿನ ಸೀಟು ಪೂರ್ತಿ ಮುಂದ ಸರಿಸಿ, ಹಳ್ಳದಾಗ ಗಟ್ಟಿ ಸೂಟ್‌ಕೇಸು ಇಲ್ಲಾ ಪ್ಲಾಸ್ಟಿಕ್ ಕ್ರೇಟು ಇಡ್ರಿ, ಮಡಚಿದ ಸೀಟಿನ ಎತ್ತರಕ್ಕ ಬರೂ ಹಂಗ. ಅದರ ಮ್ಯಾಲಿಂದ 12 ಮಿ.ಮೀ. ಪ್ಲೈವುಡ್. ಬಟ್ಟಿ ಚೀಲ ತುರುಕಬ್ಯಾಡ್ರಿ, ರಾತ್ರಿ ಕುಸೀತದ. ಗಾಳಿ ಹಾಸಿಗಿ ಹಳ್ಳಾ ಮುಚ್ಚತದ ಅಂತ ನಂಬಬ್ಯಾಡ್ರಿ. ಕೆಳಗ ಹೆಂಗ ಅದನೋ ಮ್ಯಾಲೂ ಹಂಗ ಬರತದ.

ಗ್ಯಾರೇಜ್ ಹುಡುಗ

ಹಲಗೆ ಇಡೋದಾದರೆ ಅಂಚಿಗೆ ಉಪ್ಪುಕಾಗದ ಉಜ್ಜಿ, ಮೂಲೆ ದುಂಡಗೆ ಮಾಡಿ, ಮೇಲೆ ಹಳೇ ಜಮಖಾನ ಹಾಸಿ. ಹಾಸಿಗೆ ತೂತಾಗೋದು ಹೆಚ್ಚಾಗಿ ಕೆಳಗಿನಿಂದ: ಸೀಟಿನ ಕೊಂಡಿ, ಬೆಲ್ಟಿನ ಬಕಲ್, ಹಲಗೆಯ ಚೂಪು. ಹಲಗೆಯನ್ನ ಬೋಲ್ಟ್ ಹಾಕಿ ಕೂರಿಸಬೇಡಿ, ಸೀಟು ಬಿಚ್ಚಿ ಮನೇಲಿ ಇಟ್ಟು ಹೋಗಬೇಡಿ. ಆರ್‌ಸಿಯಲ್ಲಿ ಬರೆದ ಸೀಟಿನ ಸಂಖ್ಯೆಗೂ ಗಾಡಿಗೂ ತಾಳೆ ಆಗಬೇಕು. ಗಾಡಿಯ ಮೂಲ ವಿವರ ಬದಲಾಗೋ ಹಾಗೆ ಮಾರ್ಪಾಡು ಮಾಡೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತೆ. ತೆಗೆದಿಡೋ ಹಲಗೆ ಸಾಮಾನಿನ ಲೆಕ್ಕ, ತೊಂದರೆ ಇಲ್ಲ. ಗಾಡಿ ಓಡೋವಾಗ ಮಾತ್ರ ಅದನ್ನ ಹಗ್ಗ ಹಾಕಿ ಕಟ್ಟಿ. ಬ್ರೇಕ್ ಹೊಡೆದರೆ ನೇರ ಕುತ್ತಿಗೆಗೆ ಬರುತ್ತೆ.

ಪಂಪಿನ ವಿಷಯ. ಟೈರಿಗೆ ಗಾಳಿ ಹಾಕೋ ಸಣ್ಣ ಯಂತ್ರ ಇದಕ್ಕೆ ಆಗಲ್ಲ. ಅದು ಹೆಚ್ಚು ಒತ್ತಡಕ್ಕೆ ಮಾಡಿದ್ದು, ನಿಮಿಷಕ್ಕೆ 30 ಲೀಟರ್ ಆಸುಪಾಸು ಗಾಳಿ ಕೊಡುತ್ತೆ. ಇಬ್ಬರ ಹಾಸಿಗೆಗೆ 250–300 ಲೀಟರ್ ಬೇಕು. ತುಂಬೋ ಹೊತ್ತಿಗೆ ಯಂತ್ರ ಕೈ ಸುಡೋ ಹಾಗೆ ಕಾಯುತ್ತೆ. ಹಾಸಿಗೆಗಂತಲೇ ಬರೋ ಅಗಲ ಬಾಯಿಯ ಪಂಪು ತಗೊಳ್ಳಿ, ಒತ್ತಡ ಕಡಿಮೆ, ಗಾಳಿ ಜಾಸ್ತಿ. ಚಾರ್ಜ್ ಮಾಡೋದು ಆದರೆ ಇನ್ನೂ ಒಳ್ಳೇದು, ನಡುರಾತ್ರಿ ಗಾಡಿ ಆನ್ ಮಾಡೋ ಕೆಲಸ ಇರಲ್ಲ. ಜೊತೆಗೆ ಕಾಲಲ್ಲಿ ತುಳಿಯೋದೊಂದು ಇಟ್ಟುಕೊಳ್ಳಿ.

ಮಲಗೋಕೆ ಮುಂಚೆ ಹಿಂದಿನ ಬಾಗಿಲುಗಳ ಚೈಲ್ಡ್ ಲಾಕ್ ತೆಗೀರಿ. ಹೆಚ್ಚಿನ ಗಾಡಿಗಳಲ್ಲಿ ಡಿಕ್ಕಿ ಬಾಗಿಲು ಒಳಗಿನಿಂದ ತೆರೆಯಲ್ಲ. ಚೈಲ್ಡ್ ಲಾಕೂ ಇದ್ದರೆ ಅವಸರಕ್ಕೆ ಹಿಂದೆ ಮಲಗಿದವರು ಮುಂದಿನ ಸೀಟು ದಾಟಿಯೇ ಹೊರಗೆ ಬರಬೇಕು.

ರಾತ್ರಿ ಪಾಳಿ ನರ್ಸ್

ಕಿಟಕಿ ಮುಚ್ಚಬಹುದಾ ಅಂತ ಕೇಳಿದ್ದೀರಿ, ಅದಕ್ಕೆ ಬರುತ್ತೇನೆ. ಅದಕ್ಕಿಂತ ಮುಂಚೆ ಎಲ್ಲರೂ ಓದಬೇಕಾದ ವಿಷಯ ಬೇರೆ ಇದೆ.

ಎಂಜಿನ್ ಆನ್ ಇಟ್ಟು ಏಸಿ ಹಾಕಿಕೊಂಡು ಮಲಗಬೇಡಿ. ಅರ್ಧ ಗಂಟೆಗೂ ಬೇಡ. ಹೊಗೆ ಕೊಳವೆ ಹುಲ್ಲಿಗೆ, ಕೆಸರಿಗೆ, ಗೋಡೆಗೆ ಎದುರಾಗಿ ನಿಂತಿದ್ದರೆ, ತುಕ್ಕು ಹಿಡಿದು ಎಲ್ಲೋ ಬಿರುಕು ಬಿಟ್ಟಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತೆ. ಎಚ್ಚರ ಇದ್ದವರಿಗೆ ತಲೆನೋವು, ವಾಕರಿಕೆ ಗೊತ್ತಾಗುತ್ತೆ. ಮಲಗಿದವರಿಗೆ ಏನೂ ಗೊತ್ತಾಗಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆಬದಿ ನಿಂತಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಸತ್ತುಹೋದರು. ಜನರೇಟರಿನ ಹೊಗೆ ನೆಲದ ರಂಧ್ರದಿಂದ ಒಳಗೆ ಬಂದಿತ್ತು. ಗಾಡಿ ನಿಂತಿತ್ತು, ಎಂಜಿನ್ನಿನದ್ದೂ ಅಲ್ಲ ಆ ಹೊಗೆ. ಚಳಿ ಅಂತ ಕೆಂಡದ ಅಗ್ಗಿಷ್ಟಿಕೆ ಒಳಗೆ ಇಡೋದು, ಒಳಗೇ ಗ್ಯಾಸ್ ಸ್ಟವ್ ಹಚ್ಚಿ ಕಾಫಿ ಕಾಯಿಸೋದು, ಎಲ್ಲ ಒಂದೇ ಅಪಾಯ. ಸೊಳ್ಳೆ ಬತ್ತಿಯೂ ಬೇಡ. ಪಿವಿಸಿ ಹಾಸಿಗೆಯ ಪಕ್ಕದಲ್ಲಿ ಕಿಡಿ ಇಡಲೇಬಾರದು.

ಈಗ ಕಿಟಕಿ. ಎದುರುಬದುರಾಗಿ ಎರಡು ಕಿಟಕಿಗಳನ್ನು ಎರಡು ಬೆರಳಿನಷ್ಟು ಇಳಿಸಿ. ಇಬ್ಬರ ಉಸಿರು, ಬೆವರು ಸೇರಿ ಒಂದು ರಾತ್ರಿಗೆ ಅರ್ಧ ಲೀಟರಿನ ಆಸುಪಾಸು ನೀರಾವಿ ಹೊರಬರುತ್ತೆ. ಎಲ್ಲ ಮುಚ್ಚಿದರೆ ಅದು ಗಾಜಿನ ಮೇಲೆ ಕೂತು ಬೆಳಗ್ಗೆ ಹೊದಿಕೆ ಮೇಲೆ ತೊಟ್ಟಿಕ್ಕುತ್ತೆ. ಬಾಗಿಲಿಗೆ ಮಳೆ ತಡೆಯೋ ವೈಸರ್ ಹಾಕಿಸಿದ್ದರೆ ಮಳೆಯಲ್ಲೂ ತೆರೆದಿಡಬಹುದು. ಬಾಗಿಲಿನ ಮೇಲಿನಿಂದ ಚೀಲದ ಹಾಗೆ ತೊಡಿಸೋ ಸೊಳ್ಳೆ ಪರದೆ ಸಿಗುತ್ತೆ, ಇಲ್ಲವೇ ಪರದೆ ಬಟ್ಟೆಗೆ ಅಂಚಿನಲ್ಲಿ ಅಯಸ್ಕಾಂತ ಹೊಲಿಸಿಕೊಳ್ಳಿ. 5 ವ್ಯಾಟಿನ ಯುಎಸ್‌ಬಿ ಫ್ಯಾನು 20,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ರಾತ್ರಿಯಿಡೀ ಓಡುತ್ತೆ. ಫ್ಯಾನನ್ನು ಮುಖಕ್ಕೆ ಹಿಡಿಯೋ ಬದಲು ಒಂದು ಕಿಟಕಿಯ ಕಡೆ ಹೊರಮುಖವಾಗಿ ಇಡಿ, ಇನ್ನೊಂದು ಕಡೆಯಿಂದ ತಂಪು ಗಾಳಿ ತಾನೇ ಒಳಗೆ ಬರುತ್ತೆ.

ತುಮಕೂರಮ್ಮ

ನರ್ಸ್ ಮೇಡಂ, ನಮ್ಮ ಮಗುಗೆ ಒಂಬತ್ತು ತಿಂಗಳು. ಅವನನ್ನ ಗಾಳಿ ಹಾಸಿಗೆ ಮೇಲೆ ನಮ್ಮ ಮಧ್ಯ ಮಲಗಿಸಬಹುದಾ?

ರಾತ್ರಿ ಪಾಳಿ ನರ್ಸ್

ಬೇಡಮ್ಮ. ದೊಡ್ಡವರ ಭಾರಕ್ಕೆ ಹಾಸಿಗೆ ತಗ್ಗಾಗಿ ಮಗು ಆ ತಗ್ಗಿಗೆ ಉರುಳುತ್ತೆ, ಮೂಗು ಬಾಯಿ ಮುಚ್ಚಿಹೋಗಬಹುದು. ಹಾಸಿಗೆಗೂ ಗಾಡಿಯ ಗೋಡೆಗೂ ನಡುವಿನ ಸಂದಿಯೂ ಅಷ್ಟೇ ಅಪಾಯ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಶಿಶುಗಳನ್ನು ಗಾಳಿ ಹಾಸಿಗೆ ಮೇಲೆ ಮಲಗಿಸಲೇಬಾರದು ಅಂತ ಎಚ್ಚರಿಸಿದೆ. ಮಗುಗೆ ಗಟ್ಟಿಯಾದ, ಸಮತಟ್ಟಾದ, ಅದರದ್ದೇ ಜಾಗ ಬೇಕು. ಈ ವರ್ಷ ರೂಮು ಮುಂಗಡ ಮಾಡಿಕೊಂಡೇ ಹೋಗಿ.

ಕೊಲರಾಡೊ ಕನ್ನಡಿಗ

ನಾನು ಮೈಸೂರಿನವನು, ಈಗ ಡೆನ್ವರ್ ಹತ್ತಿರ ಇದ್ದೀನಿ. ಇಲ್ಲಿ ಕಾರಿನಲ್ಲಿ ಮಲಗೋದು ಬಹಳ ಸಾಮಾನ್ಯ. ಸಾರ್ವಜನಿಕ ಭೂಮಿ ಹೇರಳವಾಗಿದೆ, ಭೂ ನಿರ್ವಹಣಾ ಇಲಾಖೆಯ ಜಾಗಗಳಲ್ಲಿ ಸಾಮಾನ್ಯವಾಗಿ 14 ದಿನದವರೆಗೆ ಶುಲ್ಕ ಇಲ್ಲದೆ ಇರಬಹುದು. ಆದರೆ ರಾಷ್ಟ್ರೀಯ ಉದ್ಯಾನಗಳಲ್ಲಿ ಗೊತ್ತುಮಾಡಿದ ಕ್ಯಾಂಪ್ ಜಾಗ ಬಿಟ್ಟು ರಸ್ತೆಬದಿ ಕಾರಿನಲ್ಲಿ ಮಲಗುವ ಹಾಗಿಲ್ಲ. ಯೊಸೆಮಿಟಿಯಲ್ಲಂತೂ ರಾತ್ರಿ ಕಾರಿನೊಳಗೆ ತಿಂಡಿ ಇಡಬಾರದು, ಕರಡಿ ಬಾಗಿಲು ಕಿತ್ತು ಒಳಗೆ ನುಗ್ಗುತ್ತೆ. ಆಹಾರಕ್ಕೆಂದೇ ಉಕ್ಕಿನ ಪೆಟ್ಟಿಗೆಗಳಿವೆ.

ಚಳಿಯ ಬಗ್ಗೆ ಯಾರೂ ಸರಿಯಾಗಿ ಬರೆದಿಲ್ಲ ಅಂತ ಇದನ್ನ ಸೇರಿಸ್ತಿದ್ದೀನಿ. ಹೊದಿಕೆ ಎಷ್ಟೇ ದಪ್ಪ ಇದ್ದರೂ ಗಾಳಿ ಹಾಸಿಗೆ ಮೇಲೆ ಬೆನ್ನು ಕೊರೆಯುತ್ತೆ. ಕಾರಣ ಒಳಗಿನ ಗಾಳಿ ಸುಮ್ಮನೆ ಇರಲ್ಲ. ಮೈಗೆ ತಾಗಿ ಬೆಚ್ಚಗಾದದ್ದು ಪಕ್ಕಕ್ಕೆ ಸರಿದು, ತಣ್ಣಗಿನ ನೆಲಕ್ಕೆ ಶಾಖ ಕೊಟ್ಟು ತಿರುಗಿ ಬರುತ್ತೆ. ಕಾರಿನ ತಳದ ಕೆಳಗೂ ಗಾಳಿ ಓಡಾಡುತ್ತೆ. ಶಾಖ ತಡೆಯುವ ಶಕ್ತಿಯನ್ನ ಇಲ್ಲಿ ಆರ್ ವ್ಯಾಲ್ಯೂ ಅಂತ ಅಳೀತಾರೆ, ಮಲಗುವ ಪ್ಯಾಡುಗಳಿಗೆ ಎಎಸ್‌ಟಿಎಂ ಎಫ್3340 ಅಂತ ಮಾನದಂಡವೇ ಇದೆ. ಒಳಗೆ ಏನೂ ಇಲ್ಲದ ಬರೀ ಗಾಳಿ ಹಾಸಿಗೆಗೆ ಅದು 1ರ ಆಸುಪಾಸು. ಮಂಜು ಬೀಳೋ ಕಡೆ 4–5 ಆದರೂ ಬೇಕು. ತಾನೇ ಉಬ್ಬಿಕೊಳ್ಳುವ ಪ್ಯಾಡುಗಳೊಳಗೆ ಫೋಮ್ ಇರುತ್ತೆ, ಫೋಮಿನ ಸಣ್ಣ ಕೋಣೆಗಳಲ್ಲಿ ಗಾಳಿ ಸಿಕ್ಕಿಹಾಕಿಕೊಂಡು ಕದಲೋದಿಲ್ಲ, ಅದಕ್ಕೇ ಅವು ಬೆಚ್ಚಗೆ.

ಆ ಲೆಕ್ಕದಲ್ಲಿ ಧಾರವಾಡದ ಅಕ್ಕ ಹೇಳಿದ ಕೌದಿ ನೂರಕ್ಕೆ ನೂರು ಸರಿ, ಅದು ಹಾಸಿಗೆಯ ಮೇಲೇ ಇರಬೇಕು. ಮೈಗೂ ಗಾಳಿಗೂ ನಡುವೆ. ಕೆಳಗೆ ಹಾಕಿದರೆ ಅರ್ಧ ಪ್ರಯೋಜನ. ಚಳ್ಳಕೆರೆ ಕಂಬಳಿ ಸಿಕ್ಕರೆ ಇನ್ನೂ ಒಳ್ಳೇದು. ಉಣ್ಣೆ ಸ್ವಲ್ಪ ತೇವ ಆದರೂ ಬಿಸಿ ಬಿಡೋದಿಲ್ಲ. ಹೋದ ಸಲ ಊರಿಗೆ ಬಂದಾಗ ಒಂದು ತಂದಿದ್ದೀನಿ, ಇಲ್ಲಿಯ ಚಳಿಯಲ್ಲೂ ಅದೇ ಹಾಸೋದು.

ಘಟ್ಟದ ಕೆಳಗಿನವ

ನೋಡಿ, ಕೊಲರಾಡೊದವರೂ ಫೋಮೇ ಬೆಚ್ಚಗೆ ಅಂತಿದ್ದಾರೆ.

ಧಾರವಾಡದಾಕಿ

ಅಣ್ಣಾರ, ಫೋಮ್ ಚಲೋ ಅಂತ ನಾನೂ ಒಪ್ಪತೀನಿ. ಆದರ ಎರ್ಟಿಗಾದಾಗ ಇಬ್ಬರ ಸಾಮಾನು, ಅಡಗಿ ಡಬ್ಬಿ, ನೀರಿನ ಕ್ಯಾನು ಇಟ್ಟ ಮ್ಯಾಲೆ ಮೂರು ಇಂಚಿನ ಫೋಮ್ ಎಲ್ಲಿ ಇಡಬೇಕ್ರಿ? ಹಗಲೆಲ್ಲ ಹಿಂದಿನ ಗಾಜು ಮುಚ್ಚಿರತದ. ಗಾಳಿ ಹಾಸಿಗಿ ಸುತ್ತಿದರ ಒಂದು ಕೈಚೀಲದಾಗ ಹೋಗತದ. ಸೊಂಟ ನೋವಿಗೂ ಅಷ್ಟ. ಫೋಮ್ ಒಂದ ಥರಾ ಗಟ್ಟಿ, ಇದನ್ನ ದಿನಾ ನಮಗ ಬೇಕಾದಂಗ ಬಿಗಿ ಮಾಡಕೋಬಹುದು. ನಮ್ಮವ್ವ ಒಂದಿನ ಬಿಗಿ ಕೇಳತಾಳ, ಮರುದಿನ ಸಡಿಲ ಕೇಳತಾಳ.

ಘಟ್ಟದ ಕೆಳಗಿನವ

ಜಾಗದ ಮಾತು ಒಪ್ಪಿದೆ ಅಕ್ಕ. ಒಂದೇ ಕಡೆ ನಾಲ್ಕು ದಿನ ಗಾಡಿ ನಿಲ್ಲಿಸುವವರಿಗೆ ಫೋಮ್, ದಿನಾ ಊರು ಬದಲಿಸುವವರಿಗೆ ಗಾಳಿಯದ್ದು.

ತೀರ್ಥಹಳ್ಳಿ ತೋಟ

ಮಲೆನಾಡಿನ ಕಡೆ ಬರ್ತಿರೋದರಿಂದ ನಾಲ್ಕು ಮಾತು. ನವರಾತ್ರಿ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರಲ್ಲ. ಮರದ ಕೆಳಗೆ ಗಾಡಿ ನಿಲ್ಲಿಸಬೇಡಿ. ಒಣ ಟೊಂಗೆ ಬೀಳೋ ಭಯ ಒಂದು, ಮಳೆ ನಿಂತ ಮೇಲೂ ರಾತ್ರಿಯಿಡೀ ಮಾಡಿನ ಮೇಲೆ ಟಪಟಪ ಅಂತ ಹನಿ ಬೀಳೋದು ಇನ್ನೊಂದು. ಹುಲ್ಲಿನಲ್ಲಿ ಇಂಬಳ (ಜಿಗಣೆ) ಇರುತ್ತೆ, ಚಪ್ಪಲಿ ಹೊರಗೆ ಬಿಟ್ಟರೆ ಬೆಳಗ್ಗೆ ಅದರೊಳಗೇ ಇರುತ್ತೆ. ಚೀಲಕ್ಕೆ ಹಾಕಿ ಒಳಗಿಡಿ.

ಹಾಸಿಗೆಯನ್ನಾಗಲಿ ಕೌದಿಯನ್ನಾಗಲಿ ಕಾಡಿನ ನೆಲದ ಮೇಲೆ, ತರಗೆಲೆ ಮೇಲೆ ಹರವಬೇಡಿ. ಇದನ್ನ ಒತ್ತಿ ಹೇಳ್ತೀನಿ. ಮಂಗನ ಕಾಯಿಲೆ ಹರಡೋ ಉಣುಗು ತರಗೆಲೆಯಲ್ಲೇ ಇರೋದು. 1957ರಲ್ಲಿ ಈ ಕಾಯಿಲೆ ಮೊದಲು ಗುರುತಾಗಿದ್ದು ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, ಇವತ್ತಿಗೂ ಪೂರ್ತಿ ಹೋಗಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಜೋರು. ನೀವು ಬರೋ ಹೊತ್ತಿಗೆ ಕಡಿಮೆ ಇರುತ್ತೆ, ಆದರೂ ಗಾಳಿ ತುಂಬೋದು, ಮಡಚೋದು ಎಲ್ಲ ಗಾಡಿಯೊಳಗೇ ಆಗಲಿ. ಬೇಸಿಗೆಯಲ್ಲಿ ಬರೋರು ಸಂಜೆ ಮೈಕೈ ನೋಡಿಕೊಂಡು, ಬಿಸಿನೀರಲ್ಲಿ ಸ್ನಾನ ಮಾಡಿ ಮಲಗಿ.

ನಿಲ್ಲೋ ಜಾಗ: ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಮಲಗೋ ಯೋಚನೆ ಬೇಡ. ಚೆಕ್‌ಪೋಸ್ಟಿನಲ್ಲಿ ಸಮಯ ಬರೆದು ಚೀಟಿ ಕೊಡ್ತಾರೆ, ಆ ಹೊತ್ತಿನೊಳಗೆ ಆ ಕಡೆ ದಾಟಬೇಕು. ಮೀಸಲು ಅರಣ್ಯ ಎಲ್ಲೇ ಆಗಲಿ, ಅನುಮತಿ ಇಲ್ಲದೆ ರಾತ್ರಿ ಇರೋದು ಅಪರಾಧ. ಮುಂದೆ ಮೈಸೂರು ಕಡೆಯಿಂದ ವಯನಾಡಿಗೆ ಹೋಗೋ ಆಸೆ ಇದ್ದರೆ, ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್, ಅದು 2009ರಿಂದಲೂ ಇದೆ. ಗೇಟಿನ ಹತ್ತಿರ ಸಾಲಿನಲ್ಲಿ ನಿಂತು ಮಲಗೋ ಬದಲು ಗುಂಡ್ಲುಪೇಟೆಯಲ್ಲೇ ಉಳಿದುಬಿಡಿ.

ಶೃಂಗೇರಿ, ಹೊರನಾಡು, ಕೊಲ್ಲೂರಿನಲ್ಲಿ ದೇವಸ್ಥಾನದ ಕಚೇರಿಗೆ ಹೋಗಿ, ಎಲ್ಲಿ ನಿಲ್ಲಿಸಬಹುದು, ರಾತ್ರಿ ಶೌಚಾಲಯ ತೆರೆದಿರುತ್ತಾ ಅಂತ ಕೇಳಿಬಿಡಿ. ಕೇಳಿ ನಿಂತವರನ್ನ ಯಾರೂ ಎಬ್ಬಿಸಲ್ಲ.

ಲಾರಿ ಕ್ಯಾಬಿನ್

ಹೆದ್ದಾರಿಯಲ್ಲಾದರೆ ರಾತ್ರಿಯಿಡೀ ತೆರೆದಿರೋ ಪೆಟ್ರೋಲ್ ಬಂಕು ನಮಗೆಲ್ಲ ನಂಬಿಕೆಯ ಜಾಗ. ಡೀಸೆಲ್ ಹಾಕಿಸಿ, ಮ್ಯಾನೇಜರಿಗೆ ಹೇಳಿ, ದೀಪದ ಬೆಳಕು ಬೀಳೋ ಅಂಚಿನಲ್ಲಿ ನಿಲ್ಲಿಸಿ. ಲಾರಿಗಳ ನಡುವೆ ಸಣ್ಣ ಗಾಡಿ ನಿಲ್ಲಿಸಬೇಡಿ, ಬೆಳಗಿನ ಜಾವ ಹಿಂದಕ್ಕೆ ತೆಗೆಯೋವಾಗ ಕ್ಯಾಬಿನ್ನಿಂದ ಕಾಣಲ್ಲ. ಬೆಳಕು ಕಣ್ಣಿಗೆ ಬೀಳುತ್ತೆ ಅಂದರೆ ಗಾಜಿಗೆ ಒಳಗಿನಿಂದ ಕಪ್ಪು ಬಟ್ಟೆ ಕಟ್ಟಿ. ಹೊರಡೋ ಮುಂಚೆ ತೆಗೀರಿ.

ಬೆಣ್ಣೆನಗರಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಒಬ್ಬೊಬ್ಬರಿಗೆ ಒಂದರಂತೆ 10 ಸೆಂ.ಮೀ. ದಪ್ಪದ ಎರಡು ಹಾಸಿಗೆ ತಂದೆ. ಚಕ್ರದ ಉಬ್ಬಿನ ನಡುವೆ ಸರಿಯಾಗಿ ಕೂತವು. ಹಳ್ಳಕ್ಕೆ ಎರಡು ಕ್ರೇಟು, ಮೇಲೆ ಪ್ಲೈವುಡ್, ಅದರ ಮೇಲೆ ಜಮಖಾನ. ನಿನ್ನೆ ರಾತ್ರಿ ಮನೆ ಮುಂದೆಯೇ ಮಲಗಿ ನೋಡಿದೆವು. ಮೇಷ್ಟ್ರು ಹೇಳಿದ ಹಾಗೆ ಮಲಗೋ ಮುಂಚೆ ಇನ್ನೊಂದು ಸಲ ಗಾಳಿ ತುಂಬಿದ್ದಕ್ಕೆ ಮನೆಯವರ ಹಾಸಿಗೆ ಬೆಳಗ್ಗೆವರೆಗೂ ಬಿಗಿಯಾಗೇ ಇತ್ತು, ಸೊಂಟಕ್ಕೆ ಏನೂ ಆಗಿಲ್ಲ. ಮೊಣಕಾಲಿನ ಕೆಳಗೆ ಒಂದು ದಿಂಬು ಇಟ್ಟುಕೊಂಡರು, ಅದು ತುಂಬಾ ಅನುಕೂಲ ಆಯ್ತಂತೆ. ನನ್ನದು ಮಾತ್ರ ನಡುರಾತ್ರಿಗೇ ಮೆತ್ತಗಾಯ್ತು. ಸೋಪಿನ ನೀರು ಹಚ್ಚಿದರೆ ಮೇಲಿನ ಮಖಮಲ್ಲಿನಂಥ ಭಾಗದಲ್ಲಿ ಸಣ್ಣ ಗುಳ್ಳೆ ಬರ್ತಿದೆ. ಸೈಕಲ್ ಅಂಗಡಿಯಲ್ಲಿ ಪ್ಯಾಚ್ ಹಾಕಿಸಬಹುದಾ?

ಗ್ಯಾರೇಜ್ ಹುಡುಗ

ಸೈಕಲ್ ಸಲ್ಯೂಷನ್ ಬೇಡ ಸರ್. ಅದು ರಬ್ಬರ್ ಟ್ಯೂಬಿಗೆ ಮಾಡಿದ್ದು, ಪಿವಿಸಿ ಮೇಲೆ ಒಣಗಿದ ಹಾಗೆ ಕಂಡರೂ ಭಾರ ಬಿದ್ದಾಗ ಸಿಪ್ಪೆ ಏಳುತ್ತೆ. ಪ್ಲಂಬಿಂಗ್ ಪೈಪಿಗೆ ಹಾಕೋ ಅಂಟು ಗಟ್ಟಿ ಪೈಪಿಗೆ ಮಾತ್ರ, ತೆಳು ಹಾಳೆಯನ್ನ ಕರಗಿಸಿ ತೂತು ದೊಡ್ಡದು ಮಾಡುತ್ತೆ. ಹಾಸಿಗೆ ಜೊತೆ ಬಂದ ಪ್ಯಾಚ್ ಇದ್ದರೆ ಅದು, ಇಲ್ಲದಿದ್ದರೆ ಮೆತ್ತನೆ ಪಿವಿಸಿ, ವಿನೈಲ್‌ಗೆ ಅಂಟೋ ಗಮ್ ಕೇಳಿ. ಸೀಟ್ ಕವರ್ ಹೊಲಿಯೋ ಅಂಗಡಿಯವರಿಗೆ ಗೊತ್ತಿರುತ್ತೆ.

ಮೊದಲು ತೂತಿನ ಸುತ್ತ ಪೆನ್ನಿನಲ್ಲಿ ಗುರುತು ಮಾಡಿ. ಗಾಳಿ ಪೂರ್ತಿ ತೆಗೀರಿ. ಮಖಮಲ್ಲಿನ ರೋಮದ ಮೇಲೆ ಯಾವ ಅಂಟೂ ಹಿಡಿಯಲ್ಲ. ಸಣ್ಣ ಉಪ್ಪುಕಾಗದದಲ್ಲಿ ಪ್ಯಾಚಿಗಿಂತ ಸ್ವಲ್ಪ ಅಗಲಕ್ಕೆ ಉಜ್ಜಿ, ಕೆಳಗಿನ ನುಣುಪು ಪ್ಲಾಸ್ಟಿಕ್ ಕಾಣೋವರೆಗೆ. ಸ್ಪಿರಿಟ್ ಹಚ್ಚಿ ಒರೆಸಿ, ಒಣಗಲಿ. ಪ್ಯಾಚಿನ ಮೂಲೆ ದುಂಡಗೆ ಕತ್ತರಿಸಿ, ಎರಡೂ ಕಡೆ ತೆಳುವಾಗಿ ಗಮ್ ಹಚ್ಚಿ, ಅಂಟಿಸಿ, ಮೇಲೆ ಭಾರ ಇಟ್ಟು ಒಂದು ದಿನ ಪೂರ್ತಿ ಬಿಡಿ. ಅವಸರ ಮಾಡಿ ಸಂಜೆಗೇ ಗಾಳಿ ತುಂಬಬೇಡಿ. ಉಳಿದ ಗಮ್ಮು, ಎರಡು ಪ್ಯಾಚು, ಉಪ್ಪುಕಾಗದದ ತುಂಡು, ಇಷ್ಟನ್ನ ಪಂಪಿನ ಚೀಲದಲ್ಲೇ ಇಟ್ಟಿರಿ.

ಬೆಣ್ಣೆನಗರಿ

ಸರಿ, ನಾಳೆ ಬೆಳಗ್ಗೆನೇ ಸೀಟ್ ಕವರ್ ಅಂಗಡಿಗೆ ಹೋಗ್ತೀನಿ. ಪ್ಯಾಚ್ ಹಾಕಿ ಎರಡು ರಾತ್ರಿ ಮನೆಯಲ್ಲೇ ಭಾರ ಇಟ್ಟು ನೋಡಿ, ನಿಂತರೆ ಅದನ್ನೇ ತಗೊಂಡು ಹೋಗೋದು. ಇಲ್ಲದಿದ್ದರೆ ನನಗೆ ಘಟ್ಟದ ಕೆಳಗಿನವರ ಫೋಮು, ಮನೆಯವರಿಗೆ ಗಾಳಿಯದ್ದು.

ಘಟ್ಟದ ಕೆಳಗಿನವ

ಒಬ್ಬರಿಗೆ ಮಾತ್ರ ಆದರೆ ಎರಡು ಅಡಿ ಅಗಲ ಸಾಕು, ಜಾಗದ ತೊಂದರೆ ಇಲ್ಲ. ಗಟ್ಟಿಯದ್ದೇ ಕೇಳಿ ತಗೊಳ್ಳಿ, ಅಂಗಡಿಯಲ್ಲೇ ಮಲಗಿ ನೋಡಿ. ಎರಡೂ ಹಾಸಿಗೆಯ ಎತ್ತರ ಒಂದೇ ಇರುವ ಹಾಗೆ ಫೋಮನ್ನು ನಾಲ್ಕು ಇಂಚು ಹಾಕಿಸಿ.